ಪಿಯುಸಿ ತಂಗಿಗೆ ಆವರ್ತ ಕೋಷ್ಟಕದ ಟ್ರೆಂಡ್ ಉಲ್ಟಾ ಆಗ್ತಿದೆ, ನೀವು ಹೇಗೆ ಕಲಿತಿರಿ?

ಕೇಳಿದವರು, ಶಿರಸಿ:
ತಂಗಿ ಈ ವರ್ಷ ಫಸ್ಟ್ ಪಿಯುಸಿ, ಸೈನ್ಸ್. ಕೆಮಿಸ್ಟ್ರಿಯಲ್ಲಿ ಒಂದೇ ಕಡೆ ಪದೇ ಪದೇ ಎಡವುತ್ತಿದ್ದಾಳೆ. ಕೋಷ್ಟಕದ 1ನೇ ಗುಂಪಿನಲ್ಲಿ, ಅಂದರೆ ಲಿಥಿಯಂ, ಸೋಡಿಯಂ ಇರುವ ಕಂಬಸಾಲಿನಲ್ಲಿ, ಕೆಳಗೆ ಹೋದಂತೆ ಕ್ರಿಯಾಶೀಲತೆ ಜಾಸ್ತಿ. ಫ್ಲೋರಿನ್, ಕ್ಲೋರಿನ್ ಇರುವ 17ನೇ ಗುಂಪಿನಲ್ಲಿ ಕೆಳಗೆ ಹೋದಂತೆ ಕಡಿಮೆ. ರಾತ್ರಿ ಬಾಯಿಪಾಠ ಮಾಡುತ್ತಾಳೆ, ಬೆಳಿಗ್ಗೆ ಟೆಸ್ಟಿನಲ್ಲಿ ಉಲ್ಟಾ ಬರೆದು ಬರುತ್ತಾಳೆ. ನಾನು ಕಾಮರ್ಸ್ ಓದಿದವ, ಹೇಳಿಕೊಡಲು ನನಗೆ ಬರುವುದಿಲ್ಲ. ನೀವೆಲ್ಲ ಇದನ್ನು ಹೇಗೆ ತಲೆಗೆ ಹತ್ತಿಸಿಕೊಂಡಿರಿ?

ಕುಮಟಾ, ಟ್ಯೂಷನ್ ಹೇಳುವವ:
ಮೊದಲು ಬಾಯಿಪಾಠ ಬಿಡಿಸಿ. ಉಲ್ಟಾ ಆಗುವುದೇ ಅದರಿಂದ. ನಾನು ಹುಡುಗರಿಗೆ ದನ ಕಟ್ಟುವ ಹಗ್ಗ ತೋರಿಸಿ ಹೇಳುತ್ತೇನೆ. ನ್ಯೂಕ್ಲಿಯಸ್ ಅಂದರೆ ಗೂಟ. ಹೊರಗಿನ ಎಲೆಕ್ಟ್ರಾನ್ ದನ. ಗುಂಪಿನಲ್ಲಿ ಒಂದೊಂದು ಮೆಟ್ಟಿಲು ಇಳಿದಾಗಲೂ ಎಲೆಕ್ಟ್ರಾನುಗಳ ಒಂದು ಕವಚ ಸೇರುತ್ತದೆ, ಹಗ್ಗ ಉದ್ದ ಆಗುತ್ತದೆ.

1ನೇ ಗುಂಪಿನವರ ಕೆಲಸ ಎಲೆಕ್ಟ್ರಾನ್ ಕಳೆದುಕೊಳ್ಳುವುದು. ಹಗ್ಗ ಉದ್ದ ಇದ್ದಷ್ಟೂ ದನ ಪಕ್ಕದ ಗದ್ದೆಗೆ ಹೋಗುವುದು ಸುಲಭ. ಲಿಥಿಯಂನಿಂದ ಒಂದು ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 520 ಕಿಲೋಜೂಲ್ ಬೇಕು, ಸೋಡಿಯಂಗೆ 496, ಪೊಟ್ಯಾಸಿಯಂಗೆ 419, ಸೀಸಿಯಂಗೆ ಬರೀ 376. 17ನೇ ಗುಂಪಿನವರು ಪಕ್ಕದವರ ದನ ಹಿಡಿದು ಕಟ್ಟಿಕೊಳ್ಳುವ ಪೈಕಿ. ಅವರಿಗೆ ಗಿಡ್ಡ ಹಗ್ಗವೇ ಬೇಕು. ಅದಕ್ಕೇ ಮೇಲೆ ಕೂತ ಫ್ಲೋರಿನ್ ಎಲ್ಲರಿಗಿಂತ ಜೋರು, ಕೆಳಗಿನ ಅಯೋಡಿನ್ ಮೆತ್ತಗೆ. ಎರಡೂ ಕಡೆ ಹಗ್ಗ ಉದ್ದ ಆಗುವುದು ಒಂದೇ ರೀತಿ. ಕೊಡುವವರೋ, ತಗೊಳ್ಳುವವರೋ ಎಂದು ಮೊದಲು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ.

ಕಾರವಾರ, ಬಿಎಸ್ಸಿ ವಿದ್ಯಾರ್ಥಿನಿ:
ಸರ್ ಹೇಳಿದ್ದು ಸರಿ. ಆದರೆ ನನಗೆ ತಲೆಗೆ ಹೋಗಿದ್ದು ಕಣ್ಣಾರೆ ನೋಡಿದ ಮೇಲೆ. ಪಿಯು ಲ್ಯಾಬಿನಲ್ಲಿ ಮೇಡಂ ಸೀಮೆಎಣ್ಣೆ ಬಾಟಲಿಯಿಂದ ಸೋಡಿಯಂ ತೆಗೆದು, ಚಾಕುವಿನಿಂದ ಬೆಣ್ಣೆ ಹಾಗೆ ಕೊಯ್ದರು. ಕೊಯ್ದ ಮುಖ ಬೆಳ್ಳಿ ಹಾಗೆ ಹೊಳೆಯಿತು, ನಾವು ನೋಡುತ್ತಿದ್ದಂತೆ ಮಂಕಾಯಿತು. ಅಕ್ಕಿ ಕಾಳಿನಷ್ಟು ಚೂರು ನೀರಿಗೆ ಹಾಕಿದರು. ಅದು ಕರಗಿ ಗುಂಡಗಾಗಿ ಸುಂಯ್ ಎನ್ನುತ್ತಾ ನೀರಿನ ಮೇಲೆ ಓಡಿತು. ಫಿನಾಲ್ಫ್ತಲೀನ್ (ಕ್ಷಾರ ಸೇರಿದರೆ ಗುಲಾಬಿ ಆಗುವ ಸೂಚಕ) ಹಾಕಿದ್ದ ನೀರು ಅದು ಹೋದ ದಾರಿಯಲ್ಲೆಲ್ಲ ಗುಲಾಬಿ. ಲಿಥಿಯಂ ಹೀಗೆ ಗುಂಡಗಾಗುವುದಿಲ್ಲ. ಅದು ಕರಗುವುದು 180 ಡಿಗ್ರಿಗೆ, ಸೋಡಿಯಂ 98ಕ್ಕೇ. ಪೊಟ್ಯಾಸಿಯಂ ಆದರೆ ಹಾಕಿದ ತಕ್ಷಣ ನೇರಳೆ ಬಣ್ಣದ ಜ್ವಾಲೆ. ಅದನ್ನು, ಸೀಸಿಯಂ ಅನ್ನು ವಿಡಿಯೊದಲ್ಲಿ ನೋಡಿದರೆ ಸಾಕು.

ಅವತ್ತೇ ಒಬ್ಬ ಹುಡುಗ ಸೋಡಿಯಂ ಒರೆಸಿದ ಕಾಗದ ಸಿಂಕಿಗೆ ಎಸೆದು ನಲ್ಲಿ ತಿರುಗಿಸಿದ. ಢಬ್ ಎಂದು ಸದ್ದಾಗಿ ಪಕ್ಕದಲ್ಲಿದ್ದ ಬೀಕರ್ ಬಿರುಕು ಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ, ನಮ್ಮ ಪುಣ್ಯ. ಮನೆಯಲ್ಲಿ ಇದನ್ನೆಲ್ಲ ಮಾಡಬೇಡಿ ಅಂತ ಬೇರೆ ಹೇಳಬೇಕಾ!

ಪರೀಕ್ಷೆಗೆ ಒಂದು ಮಾತು. ಎಲೆಕ್ಟ್ರಾನ್ ಸೇರಿದಾಗ ಜಾಸ್ತಿ ಶಕ್ತಿ ಬಿಡುವುದು ಕ್ಲೋರಿನ್, ಮೋಲ್‌ಗೆ 349 ಕಿಲೋಜೂಲ್. ಫ್ಲೋರಿನ್ 328. ಫ್ಲೋರಿನ್ ಪುಟ್ಟ ಪರಮಾಣು, ಒಳಗೆ ಇರುವ ಎಲೆಕ್ಟ್ರಾನುಗಳೇ ಇಕ್ಕಟ್ಟಿನಲ್ಲಿವೆ. ಆದರೂ ಫ್ಲೋರಿನ್ನೇ ಜೋರು, ಯಾಕಂದರೆ ಅದರ ಎರಡು ಪರಮಾಣುಗಳ ಬಂಧ ಬೇಗ ಮುರಿಯುತ್ತದೆ. ಅದಕ್ಕೆ 158 ಕಿಲೋಜೂಲ್ ಸಾಕು, ಕ್ಲೋರಿನ್‌ಗೆ 242 ಬೇಕು. ಇದನ್ನು ಕೇಳೇ ಕೇಳುತ್ತಾರೆ.

ಸಿದ್ದಾಪುರ ಕಡೆ, ಅಡಿಕೆ ತೋಟದವ:
ನಾನು ಓದಿದ್ದು ಹತ್ತನೇ ಕ್ಲಾಸು. ಆದರೂ ಒಂದು ಹೇಳುತ್ತೇನೆ. ತಂಗಿಯನ್ನು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ ಕಲಸುವಾಗ ತೋಟಕ್ಕೆ ಕರೆದುಕೊಂಡು ಬನ್ನಿ. ಒಂದು ಕೇಜಿ ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕೇಜಿ ಸುಣ್ಣ ಇನ್ನೊಂದು 50 ಲೀಟರಿಗೆ, ಆಮೇಲೆ ಎರಡನ್ನೂ ಕೂಡಿಸುವುದು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳೆಯುವ ಚೂರಿ ಅದ್ದುತ್ತೇವೆ. ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ, ಮತ್ತಷ್ಟು ಸುಣ್ಣದ ನೀರು ಹಾಕಬೇಕು. ಮೊದಲ ವರ್ಷ ಹುಂಬತನದಲ್ಲಿ ಮೈಲುತುತ್ತವನ್ನು ಕಬ್ಬಿಣದ ಬಕೆಟಿನಲ್ಲೇ ಕರಗಿಸಿದೆ. ಮಳೆಗಾಲ ಮುಗಿಯುವ ಮೊದಲೇ ತಳ ತೂತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ.

ಕಾರವಾರ, ಬೈತಖೋಲದಲ್ಲಿ ಬೋಟ್ ರಿಪೇರಿ:
ನಮ್ಮಲ್ಲೂ ಅದೇ ಕಥೆ. ಕಬ್ಬಿಣದ ಬೋಟಿನ ಹೊಟ್ಟೆಗೆ ಝಿಂಕ್ ಗಟ್ಟಿ ಬಡಿಯುತ್ತೇವೆ. ಉಪ್ಪುನೀರು ಮೊದಲು ಝಿಂಕ್ ತಿನ್ನುತ್ತದೆ, ಬೋಟ್ ಉಳಿಯುತ್ತದೆ.

ಕುಮಟಾ, ಟ್ಯೂಷನ್ ಹೇಳುವವ:
ಎರಡೂ ಚಂದ ಉದಾಹರಣೆ. ಆದರೆ ತಂಗಿ ಒಂದು ಗಮನಿಸಲಿ, ಕಬ್ಬಿಣ, ತಾಮ್ರ, ಝಿಂಕ್ ಬೇರೆ ಬೇರೆ ಗುಂಪಿನವು. ಇದು ಒಂದು ಗುಂಪಿನೊಳಗಿನ ಟ್ರೆಂಡ್ ಅಲ್ಲ. ಕೊಡುವವರು, ತಗೊಳ್ಳುವವರು ಎಂಬ ಪ್ರಶ್ನೆ ಮಾತ್ರ ಅದೇ. ಚೂರಿಯ ಕಬ್ಬಿಣ ಕೊಟ್ಟಿತು, ಮೈಲುತುತ್ತದ ತಾಮ್ರ ತಗೊಂಡಿತು.

ಕೇಳಿದವರು, ಶಿರಸಿ:
ಎಲ್ಲರಿಗೂ ಥ್ಯಾಂಕ್ಸ್. ದನದ ಹಗ್ಗ ಹೇಳಿದ ಕೂಡಲೇ ಅವಳಿಗೆ ತಿಳಿಯಿತು. ಈಗ ಅವಳದ್ದೇ ತಿರುಗುಪ್ರಶ್ನೆ. ತಾಮ್ರ, ಬೆಳ್ಳಿ, ಚಿನ್ನ ಒಂದೇ ಗುಂಪಂತೆ. ಚಿನ್ನ ಕೆಳಗಿದೆ, ಅದೂ ಲೋಹವೇ. ಹಗ್ಗ ಉದ್ದ ಇರಬೇಕಲ್ಲ? ದೇವರ ಕೋಣೆಯ ತಾಮ್ರದ ತಂಬಿಗೆ ಕಿಲುಬು ಹಿಡಿಯುತ್ತದೆ, ಬೆಳ್ಳಿ ದೀಪ ಕಪ್ಪಾಗುತ್ತದೆ, ಅಜ್ಜಿಯ ಸರ ಮಾತ್ರ ಹಾಗೇ ಇದೆ, ಯಾಕೆ ಅಂತಾಳೆ.

ಕುಮಟಾ, ಟ್ಯೂಷನ್ ಹೇಳುವವ:
ಭಲೇ ತಂಗಿ! ಚಿನ್ನದ ಹತ್ತಿರ ಹಗ್ಗ ಉದ್ದವೇ ಆಗಿಲ್ಲ. ಬೆಳ್ಳಿಯ ಪರಮಾಣುವೂ ಚಿನ್ನದ್ದೂ ಹೆಚ್ಚುಕಡಿಮೆ ಒಂದೇ ಗಾತ್ರ, ಸುಮಾರು 144 ಪಿಕೋಮೀಟರ್. ಬೆಳ್ಳಿಯಿಂದ ಚಿನ್ನಕ್ಕೆ ಬರುವಷ್ಟರಲ್ಲಿ ಎಫ್ ಎಂಬ ಒಳಗಿನ ಉಪಕವಚಕ್ಕೆ 14 ಎಲೆಕ್ಟ್ರಾನುಗಳು ಸೇರಿವೆ, ಆದರೆ ಅವು ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ಅಡ್ಡ ನಿಲ್ಲುವುದರಲ್ಲಿ ತೀರಾ ಸೋಮಾರಿಗಳು. ಪ್ರೋಟಾನು ಮಾತ್ರ 47ರಿಂದ 79ಕ್ಕೆ ಏರಿದೆ. ಹಗ್ಗ ಅಷ್ಟೇ, ಎಳೆಯುವ ಕೈ ಜೋರು. ಹಾಗಾಗಿ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ ಬೆಳ್ಳಿಗೆ ಮೋಲ್‌ಗೆ 731 ಕಿಲೋಜೂಲ್ ಇದ್ದದ್ದು ಚಿನ್ನಕ್ಕೆ 890 ಆಗುತ್ತದೆ. ಇದರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಪಾಲೂ ಇದೆ, ಅದು ಡಿಗ್ರಿಗೆ ಬಂದಾಗ ನೋಡಿಕೊಳ್ಳಲಿ.

ಕೇಳಿದವರು, ಶಿರಸಿ:
ಓದಿ ಹೇಳಿದೆ. ನಮ್ಮ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವುದು ಇನ್ನೂ ಬಾಕಿ ಇದೆ. ಚೂರಿ ಅದ್ದುವ ಕೆಲಸ ಈ ಸಲ ಅವಳಿಗೇ ಎಂದು ಅಪ್ಪ ಹೇಳಿದ್ದಾರೆ.