ಅಪ್‌ಡೇಟ್: ಹಿಸ್ಪಾನಿಕ್ ಪರಂಪರೆ ಮಾಸದ ಚಲನಚಿತ್ರ ಸಂಜೆಗಳು ನಡೆದವು

ಅಮೆರಿಕದ ನಮ್ಮ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರ) ಪರಂಪರೆ ಮಾಸಕ್ಕಾಗಿ ಚಲನಚಿತ್ರ ಸಂಜೆಗಳನ್ನು ಏರ್ಪಡಿಸುವಾಗ ನನ್ನ ಸ್ಟ್ರೀಮಿಂಗ್ ಖಾತೆಯಿಂದಲೇ ಚಿತ್ರ ತೋರಿಸಬಹುದೇ ಎಂದು ಹಿಂದೆ ಕೇಳಿದ್ದೆ. ಬೇಡವೆಂದು ಎಚ್ಚರಿಸಿದ ಎಲ್ಲರಿಗೂ ನಾನು ಋಣಿ. ಮನೆಯಲ್ಲಿ ನೋಡಲೆಂದು ಪಡೆದ ಖಾತೆಯಾಗಲಿ ಡಿವಿಡಿಯಾಗಲಿ ಸಭಾಂಗಣಕ್ಕೆ ಸಲ್ಲುವುದಿಲ್ಲ. ಪ್ರವೇಶ ಉಚಿತವಾಗಿದ್ದರೂ ಸಾರ್ವಜನಿಕ ಪ್ರದರ್ಶನದ ಪರವಾನಗಿ ಬೇಕು, ತರಗತಿಯ ಪಾಠಕ್ಕಿರುವ ವಿನಾಯಿತಿ ಇಂತಹ ಸಂಜೆಗಳಿಗೆ ಅನ್ವಯಿಸದು. ಆ ಹಕ್ಕಿನೊಂದಿಗೇ ಖರೀದಿಸಿದ ಸಾಕ್ಷ್ಯಚಿತ್ರಗಳು ಗ್ರಂಥಾಲಯದಲ್ಲಿದ್ದುದರಿಂದ ಎರಡು ಸಂಜೆಗಳ ಖರ್ಚು ಉಳಿಯಿತು. ಮೂರನೆಯದಕ್ಕೆ ವಿದ್ಯಾರ್ಥಿ ಸಂಘವು ಹಣ ಕೊಟ್ಟಿತು.

ಅಂದು 1988ರ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ತೋರಿಸಿದೆವು. ಬೊಲಿವಿಯಾದಿಂದ ಬಂದ ಹೈಮೆ ಎಸ್ಕಲಾಂಟೆ ಅವರು ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಪ್ರೌಢಶಾಲೆಯಲ್ಲಿ ಕಲನಶಾಸ್ತ್ರ ಕಲಿಸಿದ ಕಥೆಯದು. 1982ರಲ್ಲಿ ಅವರ ವಿದ್ಯಾರ್ಥಿಗಳು ನಕಲು ಮಾಡಿದ್ದಾರೆಂಬ ಸಂಶಯ ಬಂದಾಗ, ಮರುಪರೀಕ್ಷೆ ಬರೆದವರೆಲ್ಲರೂ ಮತ್ತೆ ತೇರ್ಗಡೆಯಾದರು. ಆ ದೃಶ್ಯದ ವೇಳೆಗೆ ಸಭಾಂಗಣ ಸ್ತಬ್ಧವಾಗಿತ್ತು. ಬಳಿಕ ಮೆಕ್ಸಿಕೊ ಮೂಲದ ಸಹಪಾಠಿಯೊಬ್ಬಳು, ಶಾಲೆಯಲ್ಲಿ ಸ್ಪ್ಯಾನಿಷ್ ಮಾತನಾಡಿದ್ದಕ್ಕೆ ತನ್ನ ಅಜ್ಜಿ ಪೆಟ್ಟು ತಿಂದದ್ದನ್ನು ಹೇಳಿದಳು. ಚರ್ಚೆ ಚಿತ್ರಕ್ಕಿಂತಲೂ ದೀರ್ಘವಾಗಿ ನಡೆಯಿತು. ಕೆಲವರು ಸೂಚಿಸಿದ್ದ ಬ್ರೆಜಿಲ್ ಚಿತ್ರವನ್ನು, ಅಲ್ಲಿಯ ಭಾಷೆ ಪೋರ್ಚುಗೀಸ್ ಆದ್ದರಿಂದ, ಬೇರೊಂದು ಸಂದರ್ಭಕ್ಕೆ ಕಾದಿರಿಸಿದ್ದೇವೆ. ಮುಂದಿನ ವರ್ಷದ ಚಿತ್ರಗಳನ್ನು ಆ ಸಹಪಾಠಿ ಮತ್ತು ಅವಳ ಗೆಳತಿಯರೇ ಆರಿಸಲಿದ್ದಾರೆ.