ಮೇಲ್ ಕೆಟ್ಟರೆ ಮೊದಲು ಕಾಪಿ, ಆಮೇಲೆ ರಿಪೇರಿ: ಗುಂಪಿನ ಪ್ರಶ್ನೋತ್ತರ

ರಿಪೇರಿಯವರು, ಕುಮಟಾ: ಮಳೆ ಹಿಡಿದ ಮೇಲೆ ಕರೆಂಟ್ ಹೋಗಿ ಬಂದು ಮೇಲ್ ಕೆಟ್ಟ ಕಂಪ್ಯೂಟರ್‌ಗಳು ಅಂಗಡಿಗೆ ಜಾಸ್ತಿ ಬರುತ್ತಿವೆ. ಇವತ್ತು ಸಂಜೆ ಇಲ್ಲೇ ಇರುತ್ತೇನೆ, ಕೇಳಿ. ಅಲ್ಲಿಯವರೆಗೆ ಏನನ್ನೂ ಡಿಲೀಟ್ ಮಾಡಬೇಡಿ, ಹೊಸದೇನನ್ನೂ ಇನ್‌ಸ್ಟಾಲ್ ಮಾಡಬೇಡಿ.

ಅಡಿಕೆ ಮಂಡಿ ಲೆಕ್ಕದವರು, ಶಿರಸಿ: ನಮಸ್ಕಾರ ಸಾರ್. ನಿನ್ನೆ ಕರೆಂಟ್ ಹೋದಾಗ ಔಟ್‌ಲುಕ್ ತೆರೆದೇ ಇತ್ತು. ಈಗ ಮೇಲ್ ಎಲ್ಲ ಇರುವ ಪಿಎಸ್‌ಟಿ ಫೈಲಿನಲ್ಲಿ ದೋಷ ಇದೆ ಅಂತ ಹೇಳಿ ನಿಂತುಬಿಡುತ್ತದೆ. ಹೊರರಾಜ್ಯದ ವ್ಯಾಪಾರಿಗಳ ಬಿಲ್ಲೆಲ್ಲ ಅದರಲ್ಲೇ ಇದೆ.

ರಿಪೇರಿಯವರು: ಔಟ್‌ಲುಕ್ ಮುಚ್ಚಿ. ಪಿಎಸ್‌ಟಿ ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಆ ಕಾಪಿಯ ಮೇಲೆ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಪ್ರೋಗ್ರಾಂ ಓಡಿಸಿ. ಅದು ಆಫೀಸ್ ಜೊತೆಗೇ ಬಂದಿರುತ್ತದೆ, ಪ್ರೋಗ್ರಾಂ ಫೈಲ್ಸ್ ಒಳಗೆ ಆಫೀಸ್16 ಫೋಲ್ಡರಿನಲ್ಲಿ ಹುಡುಕಿ. ದೋಷ ಇಲ್ಲ ಅನ್ನುವವರೆಗೆ ಮತ್ತೆ ಮತ್ತೆ ಓಡಿಸಬೇಕು, ಒಂದೇ ಸಲಕ್ಕೆ ಬಿಡಬೇಡಿ. ಸಿಕ್ಕ ಮೇಲ್‌ಗಳು ಲಾಸ್ಟ್ ಆಂಡ್ ಫೌಂಡ್ ಎಂಬ ಫೋಲ್ಡರಿನಲ್ಲೂ ಬಂದು ಕೂರುತ್ತವೆ, ಅಲ್ಲೂ ನೋಡಿ. ಫೈಲ್ ಎಷ್ಟು ದೊಡ್ಡದಿದೆ ಅಂತ ತಿಳಿಸಿ. 2003ಕ್ಕಿಂತ ಹಿಂದಿನ ಮಾದರಿಯದಾದರೆ 2 ಜಿಬಿಗೆ ಬಾಗಿಲು ಮುಚ್ಚಿತು. 2010 ಮತ್ತು ಅದರ ನಂತರದ ಔಟ್‌ಲುಕ್‌ಗೆ ಮಿತಿ 50 ಜಿಬಿ.

ಮೀನು ಎಕ್ಸ್‌ಪೋರ್ಟ್ ಆಫೀಸು, ಕಾರವಾರ: ನಮ್ಮ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್‌ನಲ್ಲಿ ಇನ್‌ಬಾಕ್ಸ್ ಖಾಲಿ ಕಾಣುತ್ತಿದೆ.

ರಿಪೇರಿಯವರು: ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರಿಪೇರ್ ಫೋಲ್ಡರ್. ಆಗದಿದ್ದರೆ ಥಂಡರ್‌ಬರ್ಡ್ ಮುಚ್ಚಿ ಇನ್‌ಬಾಕ್ಸ್ ಡಾಟ್ ಎಂಎಸ್ಎಫ್ ಫೈಲನ್ನು ಮಾತ್ರ ತೆಗೆಯಿರಿ. ಅದು ಬರೀ ಮೇಲ್‌ಗಳ ಪಟ್ಟಿ. ಪಕ್ಕದಲ್ಲಿ ಡಾಟ್ ಇಲ್ಲದ ಇನ್‌ಬಾಕ್ಸ್ ಫೈಲ್ ಇರುತ್ತದೆ. ಮೇಲ್ ಇರುವುದು ಅದರಲ್ಲಿ, ಅದನ್ನು ಮುಟ್ಟಬೇಡಿ.

ನಿವೃತ್ತ ಮಾಸ್ತರು, ಅಂಕೋಲಾ: ನನ್ನದು ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್, ಔಟ್‌ಲುಕ್ ಎಕ್ಸ್‌ಪ್ರೆಸ್. 2005ರಿಂದ ಹಾಲಕ್ಕಿ ಒಕ್ಕಲಿಗ ಹೆಂಗಸರ ಹಾಡುಗಳನ್ನು ಬರೆದುಕೊಂಡು ಗೆಳೆಯರಿಗೆ ಕಳಿಸುತ್ತಿದ್ದೆ. ಅವರು ತಿದ್ದಿ ಕಳಿಸಿದ್ದೂ ಅಲ್ಲೇ ಇದೆ. ಜಾಗ ಉಳಿಸಲು ಫೋಲ್ಡರ್ ಕಾಂಪ್ಯಾಕ್ಟ್ ಮಾಡಲೇ ಅಂತ ಕೇಳಿತು, ಓಕೆ ಒತ್ತಿದೆ. ಅರ್ಧದಲ್ಲಿ ಕರೆಂಟ್ ಹೋಯಿತು. ಈಗ ಇನ್‌ಬಾಕ್ಸ್‌ನಲ್ಲಿ ಒಂದೂ ಇಲ್ಲ. ಆ ಮೇಲ್ ಖಾತೆಯೂ ಮುಚ್ಚಿಹೋಗಿದೆ. ಹಾಡಿದವರಲ್ಲಿ ಬಹಳ ಜನ ಈಗಿಲ್ಲ. ಮೊಮ್ಮಗ ವಿಂಡೋಸ್ ಹೊಸದಾಗಿ ಹಾಕುತ್ತೇನೆ ಅನ್ನುತ್ತಿದ್ದಾನೆ.

ರಿಪೇರಿಯವರು: ಮಾಸ್ತರ್ರೇ, ಮೊಮ್ಮಗನನ್ನು ತಡೆಯಿರಿ. ವಿಂಡೋಸ್ ಈಗ ಬೇಡವೇ ಬೇಡ.

ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಫೋಲ್ಡರಿಗೆ ಒಂದೊಂದು ಡಿಬಿಎಕ್ಸ್ ಫೈಲ್ ಇಡುತ್ತದೆ. ನೀವು ಡಿಲೀಟ್ ಮಾಡಿದ ಮೇಲ್ ಕೂಡ ಆ ಫೈಲಿನೊಳಗೆ ಜಾಗ ಹಿಡಿದು ಕೂತಿರುತ್ತದೆ. ಅದನ್ನು ತೆಗೆದು, ಉಳಿದದ್ದನ್ನು ಹೊಸ ಫೈಲಿಗೆ ಬರೆಯುವುದೇ ಕಾಂಪ್ಯಾಕ್ಟ್. ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಬಂದ ಮೇಲೆ ನೂರು ಸಲ ಮುಚ್ಚಿದಾಗೊಮ್ಮೆ ಅದಾಗಿಯೇ ಈ ಪ್ರಶ್ನೆ ಕೇಳುತ್ತದೆ. ನಿಮ್ಮಲ್ಲಿ ಹೊಸ ಫೈಲ್ ಬರೆಯುತ್ತಿದ್ದಾಗಲೇ ಕರೆಂಟ್ ಹೋಗಿದೆ.

ಈಗ ರಿಸೈಕಲ್ ಬಿನ್ ತೆರೆದು ನೋಡಿ. ಬರೀ ನೋಡಿ, ಖಾಲಿ ಮಾಡಬೇಡಿ. ಎಕ್ಸ್‌ಪಿಗೆ ಕೊನೆಕೊನೆಯ ಅಪ್‌ಡೇಟ್‌ಗಳು ಹಾಕಿದ್ದರೆ, ಕಾಂಪ್ಯಾಕ್ಟ್ ಮಾಡುವ ಮೊದಲು ಹಳೇ ಫೈಲಿನ ನಕಲು ಬಾಕ್ ಎಂಬ ಬಾಲದೊಂದಿಗೆ ಅಲ್ಲಿ ಬಿದ್ದಿರುತ್ತದೆ. ಇನ್‌ಬಾಕ್ಸ್ ಡಾಟ್ ಬಾಕ್ ಕಂಡರೆ ನಿಮ್ಮ ಹಾಡುಗಳು ಅದರಲ್ಲೇ ಇವೆ. ಅಲ್ಲಿ ಇಲ್ಲದಿದ್ದರೂ ಆಸೆ ಬಿಡಬೇಡಿ. ಡಿಬಿಎಕ್ಸ್ ಫೈಲ್ ನೂರಾರು ಎಂಬಿ ಇದ್ದೂ ಒಳಗೆ ಏನೂ ಕಾಣದಿದ್ದರೆ, ಮೇಲ್ ಇದೆ, ಅದರ ಪಟ್ಟಿ ಮಾತ್ರ ಹರಿದಿದೆ. ಅನ್‌ಡಿಬಿಎಕ್ಸ್ ಎಂಬ ಪುಕ್ಕಟೆ ಪ್ರೋಗ್ರಾಂ ಅಂಥ ಫೈಲಿನಿಂದ ಒಂದೊಂದೇ ಮೇಲನ್ನು ಇಎಂಎಲ್ ಎಂಬ ಬಿಡಿ ಫೈಲ್ ಆಗಿ ಹೊರಗೆ ತೆಗೆಯುತ್ತದೆ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ಓಡಿಸಬೇಕು, ನಿಮ್ಮದರಲ್ಲಿ ಅಲ್ಲ. ಆ ಡಿಸ್ಕಿನ ಮೇಲೆ ಹೊಸದೇನು ಬರೆದರೂ ಹಳೆಯದು ಅಳಿಸಿಹೋಗಬಹುದು.

ಬಿನ್ ನೋಡಿದ ಮೇಲೆ ಶಟ್‌ಡೌನ್ ಮಾಡಿ, ಪೆಟ್ಟಿಗೆ ಸಮೇತ ತನ್ನಿ. ಹಳೇ ಐಡಿಇ ಡಿಸ್ಕ್ ಆದರೂ ಅದರ ಕೇಬಲ್ ನನ್ನ ಹತ್ತಿರ ಇದೆ.

ಸದಸ್ಯರು, ಹೊನ್ನಾವರ: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: ಡಿಸ್ಕ್ ಓದದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಎಲ್ಲ ಫೈಲ್ ವಾಪಸ್.

ರಿಪೇರಿಯವರು: ಯಾರೂ ಇದನ್ನು ಮಾಡಬೇಡಿ. ನಮ್ಮ ಕರಾವಳಿ ಗಾಳಿಯಲ್ಲಿ ಫ್ರೀಜರ್‌ನಿಂದ ಹೊರಗೆ ತೆಗೆದ ಕೂಡಲೇ ಹನಿ ಕಟ್ಟುತ್ತದೆ. ಡಿಸ್ಕಿನೊಳಗಿನ ತಟ್ಟೆಯ ಮೇಲೆ ನೀರು ಕೂತರೆ ಡಿಸ್ಕ್ ಮುಗಿಯಿತು. ಟಕ್ ಟಕ್ ಅಂತ ಸದ್ದು ಬರುವ ಡಿಸ್ಕಿಗೆ ಇರುವ ಮದ್ದು ಒಂದೇ, ಕರೆಂಟ್ ಕೊಡದೆ ಸುಮ್ನೆ ಇಡುವುದು.

ಸದಸ್ಯರು, ಹೊನ್ನಾವರ: ಬಂದದ್ದನ್ನು ಹಾಕಿದೆ ಅಷ್ಟೇ. ಕೋಪ ಯಾಕೆ?

ರಿಪೇರಿಯವರು: ಇದನ್ನು ಓದಿ ನಾಳೆ ಯಾರೋ ಫ್ರೀಜರ್ ತೆರೆಯುತ್ತಾರೆ, ಅದಕ್ಕೆ.

ಸಿದ್ದಾಪುರದವರು, ಈಗ ಬೆಂಗಳೂರು: ಈ ಕಾಲದಲ್ಲಿ ಮೇಲನ್ನು ಕಂಪ್ಯೂಟರಿನಲ್ಲಿ ಯಾರು ಇಡ್ತಾರೆ ಮಾರಾಯ್ರೇ? ಜಿಮೇಲ್‌ನಲ್ಲಿ ಬಿಟ್ಟರೆ ಮುಗೀತು.

ತೋಟದವರು, ಯಲ್ಲಾಪುರ: ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಇಲ್ಲಿ ಮರ ಬಿದ್ದರೆ ನೆಟ್ ಬರೋದಕ್ಕೆ ವಾರ ಬೇಕು. ಹಳೇ ಪತ್ರ ನೋಡಬೇಕೆಂದರೆ ಗುಡ್ಡ ಹತ್ತಬೇಕಾ?

ಸಿದ್ದಾಪುರದವರು: ಫೈಲ್ ಕೆಟ್ಟು ಅಳೋದಕ್ಕಿಂತ ಗುಡ್ಡ ಹತ್ತೋದು ಒಳ್ಳೆಯದು.

ತೋಟದವರು: ಪುಕ್ಕಟೆ ಕೊಡೋದು 15 ಜಿಬಿ. ತುಂಬಿದರೆ ಹೊಸ ಮೇಲೇ ಬರಲ್ಲ. ಎರಡು ವರ್ಷ ಖಾತೆ ತೆರೆಯದಿದ್ದರೆ ಅಳಿಸಬಹುದು ಅಂತ 2023ರಲ್ಲಿ ಗೂಗಲ್‌ನವರೇ ಹೇಳಿದ್ದಾರೆ. ಮಾಸ್ತರರ ಹಾಡು ಆಗ ಎಲ್ಲಿ ಹುಡುಕ್ತೀರಿ?

ಸಿದ್ದಾಪುರದವರು: ಎರಡು ವರ್ಷ ಮೇಲ್ ತೆರೆಯದವನಿಗೆ ಮೇಲ್ ಯಾಕೆ?

ಗೃಹಿಣಿ, ಭಟ್ಕಳ: ನನ್ನದು ಆಪಲ್ ಕಂಪ್ಯೂಟರ್. ಅದರ ಮೇಲ್ ತೆರೆದ ಕೂಡಲೇ ಮುಚ್ಚಿಹೋಗುತ್ತದೆ. ಯಾರಾದರೂ ಹೇಳ್ತೀರಾ?

ತೋಟದವರು: ಹಿರಿಯರು ಕಷ್ಟ ಹೇಳಿಕೊಂಡಾಗ ಹೀಗೆ ಮಾತಾಡೋದು ಸರಿಯಲ್ಲ ತಮಾ.

ಸಿದ್ದಾಪುರದವರು: ನಾನು ಮಾಸ್ತರ್ರಿಗೆ ಹೇಳಿದ್ದಲ್ಲ. ನಿಮಗೆ ಹೇಳಿದ್ದು.

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ಒಂದೇ ಕಡೆ ಇಟ್ಟರೆ ನೆಟ್ಟಿನ ಮೋಡದಲ್ಲೂ ಹೋಗುತ್ತದೆ, ಮೇಜಿನ ಮೇಲೂ ಹೋಗುತ್ತದೆ. ಎರಡು ಕಡೆ ಇಡಿ.

ಸಹಕಾರಿ ಸಂಘದ ನೌಕರ, ಮುಂಡಗೋಡ: ಸಾರ್, ಔಟ್‌ಲುಕ್ ತೆರೆಯುತ್ತಿಲ್ಲ, ಪಿಎಸ್‌ಟಿ ಅಂತ ಏನೋ ಬರುತ್ತಿದೆ.

ರಿಪೇರಿಯವರು: ಶಿರಸಿಯವರಿಗೆ ಬರೆದದ್ದು ಓದಿ.

ಕಾಲೇಜು ವಿದ್ಯಾರ್ಥಿ, ದಾಂಡೇಲಿ: ಅಣ್ಣ, ಪಿಎಸ್‌ಟಿ ಅಲ್ಲ ಒಎಸ್‌ಟಿ ಅಂತಿದೆ.

ರಿಪೇರಿಯವರು: ಒಎಸ್‌ಟಿ ಎಂದರೆ ಸರ್ವರ್‌ನಲ್ಲಿರುವುದರ ನಕಲು. ಬ್ರೌಸರ್‌ನಲ್ಲಿ ಮೇಲ್ ಎಲ್ಲ ಇದೆಯಾ ನೋಡಿ. ಇದ್ದರೆ ಔಟ್‌ಲುಕ್ ಮುಚ್ಚಿ ಒಎಸ್‌ಟಿಯ ಹೆಸರು ಬದಲಿಸಿ, ಮತ್ತೆ ತೆರೆದಾಗ ಹೊಸದು ಕಟ್ಟಿಕೊಳ್ಳುತ್ತದೆ. ಹಳೆಯದನ್ನು ಅಳಿಸಬೇಡಿ.

ಗುತ್ತಿಗೆದಾರ, ಜೋಯಿಡಾ: ಔಟ್‌ಲುಕ್ ಓಪನ್ ಆಗ್ತಾ ಇಲ್ಲ. ಅರ್ಜೆಂಟ್.

ರಿಪೇರಿಯವರು: ಮೇಲೆ ಓದಿ.

ಗುತ್ತಿಗೆದಾರ, ಜೋಯಿಡಾ: ಓದೋಕೆ ಟೈಮ್ ಇಲ್ಲ ಅಂತಲೇ ಕೇಳಿದ್ದು.

ಮಾಸ್ತರರ ಮೊಮ್ಮಗ, ಅಂಕೋಲಾ: ಸಾರ್, ಬಿನ್‌ನಲ್ಲಿ ಬಾಕ್ ಫೈಲ್ ಸಿಕ್ಕಿತು! ಪೆನ್‌ಡ್ರೈವ್‌ಗೆ ಹಾಕಿ, ಡಿಬಿಎಕ್ಸ್ ಅಂತ ಹೆಸರು ಬದಲಿಸಿ, ನನ್ನ ಲ್ಯಾಪ್‌ಟಾಪ್‌ನಲ್ಲಿ ಅನ್‌ಡಿಬಿಎಕ್ಸ್ ಓಡಿಸಿದೆ. ಇಎಂಎಲ್ ರಾಶಿ ಬಂತು. ಆದರೆ ಕನ್ನಡ ಇಲ್ಲ. ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಇದೇ ತುಂಬಿದೆ. ಎಲ್ಲ ಕೆಟ್ಟಿದೆ ಅಂತ ಅಜ್ಜ ಮಾತೇ ಆಡುತ್ತಿಲ್ಲ. ಆನ್‌ಲೈನ್ ರಿಪೇರಿಗೆ ಕೊಡಲಾ?

ರಿಪೇರಿಯವರು: ಯಾವ ಸೈಟಿಗೂ ಕೊಡಬೇಡ ತಮಾ. ಮೊದಲು ಅಜ್ಜನಿಗೆ ಹೇಳು, ಒಂದಕ್ಷರವೂ ಕೆಟ್ಟಿಲ್ಲ. ಆಗ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಟೈಪ್ ಮಾಡಿದ್ದಾರೆ. ಆ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲ, ಅದಕ್ಕೆ ಹಾಗೆ ಕಾಣುತ್ತದೆ. ನೀನು ಹೇಳಿದ ಪಿ, ಗೀಟಿನ ಎ ಸೇರಿದರೆ 'ಕ'. ಪೌಂಡ್ ಗುರುತಿಗೆ ಅದೇ ಎ ಸೇರಿದರೆ 'ನ'.

ಇಎಂಎಲ್ ಫೈಲುಗಳನ್ನು ಹಾಗೇ ಇಡು. ನೋಟ್‌ಪ್ಯಾಡ್‌ನಲ್ಲಿ ತೆರೆದು ಸೇವ್ ಮಾಡಬೇಡ, ಆ ಗೀಟಿನ ಅಕ್ಷರಗಳು ಪ್ರಶ್ನೆ ಚಿಹ್ನೆಯಾದರೆ ತಿರುಗಿ ಬರುವುದಿಲ್ಲ. ನುಡಿ ಫಾಂಟ್ ಹಾಕಿಕೊಂಡು, ಒಂದು ಹಾಡನ್ನು ವರ್ಡ್‌ಗೆ ಅಂಟಿಸಿ, ಫಾಂಟ್ ಬದಲಿಸಿ ಅಜ್ಜನಿಗೆ ತೋರಿಸು. ಈಗ ಎಲ್ಲರೂ ಬಳಸುವ ಯುನಿಕೋಡ್ ಅಕ್ಷರಕ್ಕೆ ತರುವುದು ಆಮೇಲೆ. ಪರಿವರ್ತಕ ಅರ್ಕಾವತ್ತನ್ನು, ಒತ್ತಕ್ಷರವನ್ನು ಅಲ್ಲಲ್ಲಿ ತಪ್ಪಿಸುತ್ತದೆ. ಹಾಲಕ್ಕಿ ಮಾತು ನಿಘಂಟಿನಲ್ಲಿ ಸಿಗುವುದಿಲ್ಲ, ಅಜ್ಜನೇ ಪಕ್ಕದಲ್ಲಿ ಕೂತು ಸಾಲು ಸಾಲು ನೋಡಬೇಕು.

ಹಳೇ ಪೆಟ್ಟಿಗೆಯನ್ನು ಇನ್ನು ಆನ್ ಮಾಡಬೇಡಿ. ಸೆಂಟ್ ಐಟಮ್ಸ್‌ನ ಡಿಬಿಎಕ್ಸ್ ಬೇರೆಯೇ ಫೈಲ್, ಅಜ್ಜ ಬರೆದು ಕಳಿಸಿದ್ದು ಅದರಲ್ಲಿದೆ. ಅದನ್ನು ನಾನೇ ತೆಗೆಯುತ್ತೇನೆ. ನಾಳೆ ಹತ್ತು ಗಂಟೆಗೆ ಬನ್ನಿ.