ಸಿಮ್ಸ್ 4ಕ್ಕೆ ನಮ್ಮ ಕಡೆಯ ಸರಳಿನ ಕಿಟಕಿ: ಮೆಶ್ ತಿದ್ದಿ ಗೊತ್ತಿರುವವರು ತಿಳಿಸಿ

ಶಿರಸಿಯಿಂದ ಪ್ರಶ್ನೆ: ದಿ ಸಿಮ್ಸ್ 4 ಎಂಬ ಕಂಪ್ಯೂಟರ್ ಆಟದಲ್ಲಿ ನಮ್ಮ ಕಡೆಯ ಹಂಚಿನ ಮನೆ ಕಟ್ಟುತ್ತಿದ್ದೇನೆ. ಮರದ ಚೌಕಟ್ಟು, ನಿಲುವಿನ ಸರಳು, ತೆರೆದಿಟ್ಟ ಎರಡು ಕದ ಇರುವ ಕಿಟಕಿ ಬೇಕು, ಗಾಜು ಬೇಡ. ಆಟದ ವಸ್ತುಗಳನ್ನು ತಿದ್ದುವ ಸಿಮ್ಸ್ 4 ಸ್ಟುಡಿಯೋ, 3ಡಿ ಆಕಾರ ಮಾಡುವ ಬ್ಲೆಂಡರ್ ಎರಡೂ ಇವೆ. ಚೌಕಟ್ಟು ದೊಡ್ಡದು ಮಾಡಿದರೆ ಸರಳಿನ ಹಿಂದೆ ಗೋಡೆ ಕಾಣುತ್ತದೆ. ಹೊಸದಾಗಿ ಸೇರಿಸಿದ ಭಾಗಕ್ಕೆ ಬಣ್ಣವೇ ಸರಿಯಾಗಿ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕುಮಟಾದಿಂದ: ಮೊದಲನೆಯದಕ್ಕೆ ಕಾರಣ ನಿಮ್ಮ ಮೆಶ್ (ವಸ್ತುವಿನ 3ಡಿ ಆಕಾರ) ಅಲ್ಲ, ನೀವು ಆರಿಸಿಕೊಂಡ ಮೂಲ ಕಿಟಕಿ. ಗೋಡೆಯಲ್ಲಿ ತೂತು ಬೀಳಿಸುವುದು ಮೆಶ್ ಅಲ್ಲ. ಪ್ಯಾಕೇಜ್ ಫೈಲಿನಲ್ಲಿ ಅದಕ್ಕೆಂದೇ ಬೇರೆ ಮಾಹಿತಿ ಇರುತ್ತದೆ, ಆಟದ ಕಿಟಕಿಯನ್ನು ಕ್ಲೋನ್ ಮಾಡಿದಾಗ, ಅಂದರೆ ನಕಲು ತೆಗೆದಾಗ, ಮೂಲ ಕಿಟಕಿಯದ್ದೇ ಬರುತ್ತದೆ. ಬ್ಲೆಂಡರ್‌ನಲ್ಲಿ ಚೌಕಟ್ಟು ಎಷ್ಟು ಹಿಗ್ಗಿಸಿದರೂ ತೂತು ಹಿಗ್ಗುವುದಿಲ್ಲ. ಚೌಕಟ್ಟು ಕುಗ್ಗಿಸಿದರೆ ತೂತಿನ ಅಂಚು ಬಯಲಾಗಿ ಸುತ್ತ ಸಂದಿ ಕಾಣುತ್ತದೆ.

ಹಾಗಾಗಿ ನಿಮಗೆ ಬೇಕಾದ ಅಳತೆಗೆ ಹತ್ತಿರವಿರುವ, ಆಯತಾಕಾರದ ಕಿಟಕಿಯನ್ನೇ ಕ್ಲೋನ್ ಮಾಡಿ. ಕಮಾನಿನದ್ದು ಬೇಡ, ತೂತಿನ ಮೇಲ್ಭಾಗವೂ ಕಮಾನಾಗಿಯೇ ಇರುತ್ತದೆ. ಗೋಡೆಗೆ ಗಿಡ್ಡ, ಮಧ್ಯಮ, ಎತ್ತರ ಎಂದು ಮೂರು ಅಳತೆ ಇರುವುದರಿಂದ ನಿಮ್ಮ ಮನೆಯ ಗೋಡೆಗೆ ತಕ್ಕದ್ದನ್ನು ನೋಡಿಕೊಳ್ಳಿ. ಬೇಸ್ ಗೇಮ್‌ನ ಕಿಟಕಿಯನ್ನೇ ಮೂಲವಾಗಿ ಇಟ್ಟುಕೊಳ್ಳಿ. 2022ರ ಅಕ್ಟೋಬರ್‌ನಿಂದ ಬೇಸ್ ಗೇಮ್ ಉಚಿತ, ನಿಮ್ಮ ಕಿಟಕಿ ಯಾರಿಗೆ ಕೊಟ್ಟರೂ ತೊಂದರೆಯಿಲ್ಲ.

ಇನ್ನು ಅಳತೆ. ಆಟದ ಒಂದು ಚೌಕ ಬ್ಲೆಂಡರ್‌ನಲ್ಲಿ 1 ಮೀಟರ್. ಮೂರು ಅಡಿ ಕಿಟಕಿ ಎಂದರೆ ಸುಮಾರು 0.9, ಒಂದು ಚೌಕದಲ್ಲಿ ಕೂರುತ್ತದೆ. ಎರಡೂ ಬದಿ 8 ಸೆಂ.ಮೀ. ಚೌಕಟ್ಟು ಹೋದರೆ ಒಳಗೆ 74 ಸೆಂ.ಮೀ. ಉಳಿಯುತ್ತದೆ, 9.25 ಸೆಂ.ಮೀ.ಗೆ ಒಂದರಂತೆ 7 ಸರಳು ಸರಿಯಾಗಿ ಬರುತ್ತವೆ. ಒಂದು ಸರಳು ಮಾಡಿ ಅರೇ ಮಾಡಿಫೈಯರ್ (ಒಂದನ್ನೇ ಸಾಲಾಗಿ ನಕಲಿಸುವ ಸಾಧನ) ಹಾಕಿ: ರಿಲೇಟಿವ್ ಆಫ್‌ಸೆಟ್ ತೆಗೆದು ಕಾನ್‌ಸ್ಟಂಟ್ ಆಫ್‌ಸೆಟ್ ಎಕ್ಸ್ 0.0925, ಕೌಂಟ್ 7. ಆಮೇಲೆ ಅಪ್ಲೈ ಮಾಡಲೇಬೇಕು, ಮಾಡದಿದ್ದರೆ ಆಟಕ್ಕೆ ಒಂದೇ ಸರಳು ಹೋದೀತು.

ಮೂಲ ಮೆಶ್ ಅನ್ನು ಕೊನೆಯವರೆಗೂ ಅಳಿಸಬೇಡಿ. ಗೋಡೆ ಎಲ್ಲಿದೆ, ಎಷ್ಟು ದಪ್ಪ ಎಂದು ತೋರಿಸುವ ಅಳತೆಕೋಲು ಅದೊಂದೇ. ಮೂಲದ ಚೌಕಟ್ಟು ಹಾದುಹೋದ ಜಾಗದಲ್ಲೇ ನಿಮ್ಮ ಮರವೂ ಹಾದುಹೋದರೆ ತೂತಿನ ಅಂಚು ತಾನಾಗಿ ಮುಚ್ಚುತ್ತದೆ.

ಕಾರವಾರದಿಂದ: ಬಣ್ಣದ ತೊಂದರೆ ಯುವಿ ಹೆಸರಿನದ್ದು. ಚಿತ್ರದ ಯಾವ ಭಾಗ ಮೆಶ್‌ನ ಎಲ್ಲಿ ಅಂಟಬೇಕು ಎಂದು ಹೇಳುವ ನಕ್ಷೆಯೇ ಯುವಿ. ಬ್ಲೆಂಡರ್‌ನಲ್ಲಿ ಹೊಸದಾಗಿ ಮಾಡಿದ ಸಿಲಿಂಡರಿನ ಯುವಿ ಪದರದ ಹೆಸರು 'ಯುವಿಮ್ಯಾಪ್', ಸ್ಟುಡಿಯೋದಿಂದ ಬಂದ ಮೆಶ್‌ನದ್ದು 'ಯುವಿ_0'. ಎರಡನ್ನೂ ಹಾಗೆಯೇ ಜಾಯಿನ್ ಮಾಡಿದರೆ ಒಂದೇ ವಸ್ತುವಿನಲ್ಲಿ ಎರಡು ಪದರ ಉಳಿಯುತ್ತವೆ. ಆಟ ಓದುವ ಪದರದಲ್ಲಿ ನಿಮ್ಮ ಸರಳಿನ ಯುವಿ ಇರುವುದೇ ಇಲ್ಲ, ಆದ್ದರಿಂದ ಇಡೀ ಸರಳಿಗೆ ಚಿತ್ರದ ಒಂದು ಮೂಲೆಯ ಬಣ್ಣ ಮೆತ್ತಿಕೊಳ್ಳುತ್ತದೆ. ಜಾಯಿನ್ ಮಾಡುವ ಮುಂಚೆಯೇ ಹೊಸದರ ಪದರಕ್ಕೆ 'ಯುವಿ_0' ಎಂದು ಹೆಸರು ಬದಲಿಸಿ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು.

ಜಾಯಿನ್ ಮಾಡುವಾಗ ಆಯ್ಕೆಯ ಕ್ರಮವೂ ಮುಖ್ಯ. ಮೊದಲು ಹೊಸದು, ಕೊನೆಗೆ ಮೂಲ, ಆಮೇಲೆ ಕಂಟ್ರೋಲ್ ಜೆ. ಕೊನೆಗೆ ಆರಿಸಿದ್ದರ ಗುಣಗಳೇ ಉಳಿಯುವುದರಿಂದ ಮೂಲದ ಕಟ್ ಸಂಖ್ಯೆ (ಮೆಶ್‌ನ ಪ್ರತಿ ಗುಂಪಿಗೂ ಸ್ಟುಡಿಯೋ ಕೊಡುವ ಗುರುತು) ಕೆಡುವುದಿಲ್ಲ. ಕಟ್ ಸಂಖ್ಯೆ ತಪ್ಪಿದರೆ ಆ ಗುಂಪನ್ನು ಎಲ್ಲಿ ಕೂರಿಸಬೇಕೆಂದು ಸ್ಟುಡಿಯೋಗೆ ತಿಳಿಯುವುದಿಲ್ಲ. ಜಾಯಿನ್ ಆದ ಮೇಲೆ ಎಡಿಟ್ ಮೋಡ್‌ಗೆ ಹೋಗಿ ಹಳೆಯ ಭಾಗದ ಮೇಲೆ ಮೌಸ್ ಇಟ್ಟು ಎಲ್ ಒತ್ತಿ, ಆರಿಸಿ ಅಳಿಸಿ. ಮೂಲಕ್ಕೆ ವರ್ಟೆಕ್ಸ್ ಗ್ರೂಪ್ (ಬಿಂದುಗಳ ಗುಂಪು) ಇದ್ದರೆ ಹೊಸ ಬಿಂದುಗಳನ್ನೆಲ್ಲ ಅದಕ್ಕೆ ಅಸೈನ್ ಮಾಡುವುದು ಮರೆಯಬೇಡಿ.

ಗಾಜಿನ ಗುಂಪನ್ನು ಪೂರ್ತಿ ಅಳಿಸಬೇಡಿ. ಗುಂಪುಗಳ ಸಂಖ್ಯೆ ಮೂಲದಷ್ಟೇ ಇರಲಿ. ಒಂದೇ ಒಂದು ತ್ರಿಕೋನ ಉಳಿಸಿ, ಸಾಸಿವೆ ಕಾಳಿನಷ್ಟು ಕುಗ್ಗಿಸಿ ಚೌಕಟ್ಟಿನ ಮರದೊಳಗೆ ಹುದುಗಿಸಿಬಿಡಿ.

ಯಲ್ಲಾಪುರದಿಂದ: ಸರಳಿನ ಬಗ್ಗೆ ಒಂದು ಮಾತು. ಬ್ಲೆಂಡರ್ ಕೊಡುವ ಸಿಲಿಂಡರಿಗೆ 32 ಮುಖ. ತುದಿಯ ಮುಚ್ಚಳವೂ ಸೇರಿ ಒಂದಕ್ಕೆ 124 ತ್ರಿಕೋನ, 7 ಸರಳಿಗೆ 868. ಸಿಲಿಂಡರ್ ಹಾಕಿದ ಕೂಡಲೇ ಎಡಗಡೆ ಕೆಳಗೆ ಬರುವ ಪೆಟ್ಟಿಗೆಯಲ್ಲಿ ವರ್ಟಿಸಸ್ 6, ಕ್ಯಾಪ್ ಫಿಲ್ 'ನಥಿಂಗ್' ಮಾಡಿ. ತುದಿ ಹೇಗೂ ಮರದೊಳಗೆ ಹೋಗುತ್ತದೆ, ಮುಚ್ಚಳ ಯಾರಿಗೂ ಕಾಣದು. ಆಗ ಒಂದಕ್ಕೆ 12, ಒಟ್ಟು 84. ಜಗಲಿಯ ಉದ್ದಕ್ಕೂ ಎಂಟು ಹತ್ತು ಕಿಟಕಿ ಇಡುವ ಮನೆಯಲ್ಲಿ ಈ ವ್ಯತ್ಯಾಸ ದೊಡ್ಡದು, ತ್ರಿಕೋನ ಹೆಚ್ಚಿದಷ್ಟೂ ಆಟಕ್ಕೆ ಭಾರ.

ದಪ್ಪವನ್ನು ನಿಜವಾದ ಸರಳಿಗಿಂತ ಸ್ವಲ್ಪ ಹೆಚ್ಚು ಇಡಿ. 2 ಸೆಂ.ಮೀ. ಸರಳು ಕ್ಯಾಮೆರಾ ದೂರ ಹೋದ ಕೂಡಲೇ ಮಿಣಮಿಣ ನಡುಗುತ್ತದೆ. 3 ಸೆಂ.ಮೀ., ಅಂದರೆ ರೇಡಿಯಸ್ 0.015, ನೋಡಲು ಚೆನ್ನಾಗಿರುತ್ತದೆ.

ಕದ ಒಂದೇ ಹಾಳೆಯಂತಿದ್ದರೆ ಒಂದು ಕಡೆಯಿಂದ ಮಾಯವಾಗುತ್ತದೆ, ಆಟ ಮುಖದ ಹಿಂಬದಿಯನ್ನು ತೋರಿಸುವುದಿಲ್ಲ. 3 ಸೆಂ.ಮೀ. ದಪ್ಪದ ಹಲಗೆಯಾಗಿಯೇ ಮಾಡಿ. ಓವರ್‌ಲೇಯಲ್ಲಿ ಫೇಸ್ ಓರಿಯೆಂಟೇಶನ್ ಹಾಕಿ ನೋಡಿ. ಹೊರಗೆ ಕೆಂಪು ಕಂಡಲ್ಲಿ ಮುಖ ತಿರುಗಿದೆ ಎಂದರ್ಥ. ಎಲ್ಲ ಆರಿಸಿ ಶಿಫ್ಟ್ ಎನ್ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕದ ಪೂರ್ತಿ ತೆರೆದು ಗೋಡೆಗೆ ಒರಗಿಸಿದರೆ ಎರಡೂ ಬದಿ 45 ಸೆಂ.ಮೀ. ಚಾಚಿ ಪಕ್ಕದ ಚೌಕಕ್ಕೆ ಹೋಗುತ್ತದೆ, ಅಲ್ಲಿಟ್ಟ ಇನ್ನೊಂದು ಕಿಟಕಿಯ ಕದ ಇದರೊಳಗೆ ತೂರುತ್ತದೆ. ಗೋಡೆಗೆ ಲಂಬವಾಗಿ ನಿಲ್ಲಿಸಿ.

ಮತ್ತೆ ಕಾರವಾರದಿಂದ: ಮರದ ಚಿತ್ರಕ್ಕೆ ಹಳೆಯ ಹಲಸಿನ ಅಥವಾ ಸಾಗುವಾನಿ ಬಾಗಿಲನ್ನು ಮೋಡ ಕವಿದ ಹೊತ್ತಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಎದುರು ನಿಂತು ತೆಗೆಯಿರಿ. ಬಿಸಿಲಿನ ನೆರಳು ಚಿತ್ರದಲ್ಲಿ ಉಳಿದರೆ ಆಟದ ರಾತ್ರಿಯಲ್ಲೂ ಬಿಸಿಲು ಬಿದ್ದಂತೆ ಕಾಣುತ್ತದೆ. ಚಿತ್ರದ ಅಳತೆ ಮೂಲದಷ್ಟೇ ಇರಲಿ. ಮೂಲದ ಬಂಪ್ (ಉಬ್ಬುತಗ್ಗು ತೋರಿಸುವ ಚಿತ್ರ) ಹಾಗೇ ಬಿಟ್ಟರೆ ಹಳೆಯ ವಿನ್ಯಾಸದ ಉಬ್ಬುತಗ್ಗು ನಿಮ್ಮ ಮರದ ಮೇಲೆ ಮೂಡುತ್ತದೆ, ಖಾಲಿ ಮಾಡಿ. ಸ್ಪೆಕ್ಯುಲರ್ (ಹೊಳಪಿನ ಚಿತ್ರ) ಕಪ್ಪಾಗಿಸಿ, ಇಲ್ಲವಾದರೆ ಹಳೆಯ ಮರ ಪ್ಲಾಸ್ಟಿಕ್‌ನಂತೆ ಹೊಳೆಯುತ್ತದೆ.

ಶಿರಸಿಯಿಂದ: ಯುವಿ ಹೆಸರು ಬದಲಿಸಿದ ಮೇಲೆ ಬಣ್ಣ ಬಂತು. ಆದರೆ ಕ್ಯಾಮೆರಾ ಹಿಂದೆ ಎಳೆದರೆ ಹಳೆಯ ಗಾಜಿನ ಕಿಟಕಿಯೇ ಬರುತ್ತದೆ! ಗೋಡೆಯ ಒಳಬದಿಗೆ ಕೂರುವಷ್ಟು ಅಗಲದ ದಂಡೆಯೂ ಬೇಕಿತ್ತು.

ಕುಮಟಾದಿಂದ: ಎಲ್‌ಒಡಿ 0 (ಹತ್ತಿರದಿಂದ ಕಾಣುವ ಮೆಶ್) ಮಾತ್ರ ಇಂಪೋರ್ಟ್ ಮಾಡಿದ್ದೀರಿ. ಮೆಶ್ ಟ್ಯಾಬ್‌ನ ಪಟ್ಟಿಯಲ್ಲಿ ಮಧ್ಯಮ, ಕೆಳಮಟ್ಟದವೂ ನೆರಳಿನವೂ ಬೇರೆ ಬೇರೆ ಇರುತ್ತವೆ, ಒಂದೊಂದಕ್ಕೂ ಹಾಕಬೇಕು. ಪ್ರತಿಯೊಂದನ್ನೂ ಎಕ್ಸ್‌ಪೋರ್ಟ್ ಮಾಡಿ ಕಟ್ ಸಂಖ್ಯೆ ನೋಡಿಕೊಳ್ಳಿ, 0ಯಲ್ಲಿದ್ದಷ್ಟೇ ಗುಂಪು ಕೆಳಗೂ ಇರುತ್ತದೆ ಎಂದುಕೊಳ್ಳಬೇಡಿ. ದೂರದ ಮಟ್ಟಕ್ಕೆ ಡೆಸಿಮೇಟ್ (ತ್ರಿಕೋನ ತಾನಾಗಿ ಕಡಿಮೆ ಮಾಡುವ ಸಾಧನ) ಬೇಡ, ಸಣ್ಣ ಸರಳುಗಳು ಸೊಟ್ಟಗಾಗುತ್ತವೆ. 6 ಮುಖದ್ದರ ಬದಲು 3 ಮುಖದ ಸರಳು ಸಾಕು.

ದಂಡೆಯ ವಿಷಯ: ಚಿರೆಕಲ್ಲಿನ ಗೋಡೆ ಅಡಿಗಟ್ಟಲೆ ದಪ್ಪ, ಆಟದ ಗೋಡೆ ತೆಳ್ಳಗೆ. ಆ ಆಳ ಕಿಟಕಿಯೊಳಗೆ ಸಿಗುವುದಿಲ್ಲ. ಕಿಟಕಿಯ ಮೆಶ್‌ಗೇ ದಂಡೆ ಸೇರಿಸಿದರೆ ಕಾಣಿಸುತ್ತದೆ ನಿಜ, ಆದರೆ ಕೂರಲಾಗದು, ಓಡಾಡುವವರು ಅದರ ನಡುವೆಯೇ ನುಗ್ಗುತ್ತಾರೆ. ಒಂದು ಬೆಂಚನ್ನು ಬೇರೆಯಾಗಿ ಕ್ಲೋನ್ ಮಾಡಿ, ಅದಕ್ಕೆ ದಂಡೆಯ ಮೆಶ್ ಹಾಕಿ ಕಿಟಕಿಯ ಕೆಳಗಿಡಿ. ಕೂರುವ ಎತ್ತರ ಮಾತ್ರ ಬೆಂಚಿನದ್ದೇ ಇರಲಿ, ಏರಿಸಿದರೆ ಕೂತವರು ಮರದೊಳಗೆ ಮುಳುಗುತ್ತಾರೆ.

ಸೇವ್ ಮಾಡಿದ ಪ್ಯಾಕೇಜ್ ಡಾಕ್ಯುಮೆಂಟ್ಸ್ ಒಳಗಿನ ಆಟದ ಮಾಡ್ಸ್ ಫೋಲ್ಡರಿಗೆ ಹೋಗಬೇಕು. ಆಟಕ್ಕೆ ಅಪ್‌ಡೇಟ್ ಬಂದಾಗಲೆಲ್ಲ ಮಾಡ್ಸ್ ತಾನಾಗಿ ಬಂದ್ ಆಗುತ್ತದೆ. ಗೇಮ್ ಆಪ್ಷನ್ಸ್‌ನ 'ಅದರ್'ನಲ್ಲಿ ಮತ್ತೆ ಆನ್ ಮಾಡಿ ಆಟ ಮುಚ್ಚಿ ತೆರೆಯಿರಿ. ಪಟ್ಟಿಯಲ್ಲಿ ಹಳೆಯ ಕಿಟಕಿಯ ಚಿತ್ರವೇ ಬಂದರೆ ಲೋಕಲ್‌ಥಂಬ್‌ಕ್ಯಾಶ್ ಫೈಲ್ ಅಳಿಸಿ, ಆಟವೇ ಹೊಸದನ್ನು ಮಾಡಿಕೊಳ್ಳುತ್ತದೆ.